ಐರ್ಲೆಂಡಿಗೆ ಹೋದವಳ ಮಗಳು

ಐರ್ಲೆಂಡಿಗೆ ಹೋಗಲು ಬೇಕಾದ ಇಂಗ್ಲಿಷ್ ಪರೀಕ್ಷೆಯ ಫಲಿತಾಂಶ ಬಂದ ದಿನ ಸುಗುಣ ಮೊದಲು ಓಡಿಬಂದದ್ದು ಗಂಡನ ಹತ್ತಿರವಲ್ಲ, ಓರಗಿತ್ತಿ ಶ್ರೀಲತಾಳ ಹತ್ತಿರ. "ಅಕ್ಕಾ, ಪಾಸಾಯ್ತ್!" ಎಂದು ಕುತ್ತಿಗೆಗೆ ಜೋತುಬಿದ್ದಳು. ಶ್ರೀಲತಾ ಅವಳ ಬೆನ್ನು ತಟ್ಟಿದಳು. ತಟ್ಟುತ್ತಿದ್ದಂತೆಯೇ ಎದೆಯೊಳಗೆ ಏನೋ ಚುರುಕ್ಕೆಂದಿತು. ತನ್ನದು ಅರ್ಧ ಅಂಕದಲ್ಲಿ ಹೋಗಿತ್ತು.

ಅಸಲಿಗೆ ಐರ್ಲೆಂಡಿನ ಹುಚ್ಚು ಹಿಡಿಸಿದವಳೇ ಶ್ರೀಲತಾ. ಇಬ್ಬರೂ ಕುಂದಾಪುರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸುಗಳು. ಸುಗುಣಳ ಗುಣ ಮೆಚ್ಚಿ ಮೈದುನ ಸೋಮನಿಗೆ ತಂದುಕೊಂಡವಳೂ ಅವಳೇ. ಡ್ಯೂಟಿ ಮುಗಿಸಿ ಕಡಲಂಚಿನ ಕೋಡಿಯ ಮನೆಗೆ ನಡೆಯುವಾಗ ಇಂಗ್ಲಿಷಿನಲ್ಲೇ ಮಾತಾಡಬೇಕೆಂದು ಕಟ್ಟು ಮಾಡಿದ್ದಳು. ಮೀನು ಮಾರಿ ಬರುವ ಹೆಂಗಸರು ನಕ್ಕರೂ ಬಿಡದೆ, ದಾರಿಯುದ್ದಕ್ಕೂ ಸುಗುಣಳ ತಪ್ಪು ತಿದ್ದಿದ್ದಳು. ಬೆಂಗಳೂರಿನಲ್ಲಿ ಪರೀಕ್ಷಕಿಯ ಎದುರು ಕೂತಾಗ ನಾಲಗೆ ಒಣಗಿದ್ದು ಮಾತ್ರ ತಿದ್ದಿದವಳದ್ದು. ಇನ್ನೊಮ್ಮೆ ಬರೆಯುತ್ತೇನೆಂದರೆ ಗಂಡ ರಾಜೀವ, "ಸಾಕ್ ಮಾರಾಯ್ತಿ, ಒಂದೇ ಮನಿಂದ ಇಬ್ರೂ ಹೋದ್ರೆ ಇಲ್ಲ್ ಯಾರಿರುದ್?" ಎಂದುಬಿಟ್ಟ.

ಆಮೇಲಿನ ಒಂದು ವರ್ಷ ಸುಗುಣ ಪಟ್ಟ ಪಾಡು ಅಷ್ಟಿಷ್ಟಲ್ಲ. ಮದುವೆಗೆ ಮೊದಲಿನ ಹೆಸರು ಒಂದು ಕಡೆ, ನಂತರದ್ದು ಇನ್ನೊಂದು ಕಡೆ ಎಂದು ಪಾಸ್‌ಪೋರ್ಟಿನ ಅರ್ಜಿ ವಾಪಸು ಬಂತು. ಕೆಲಸ ಕೊಡಿಸುವ ಏಜೆಂಟನಿಗೆ ಹಣ ಕಟ್ಟಲು ಸೋಮ ದೋಣಿಯಲ್ಲಿದ್ದ ತನ್ನ ಪಾಲು ಮಾರಿ ಅಣ್ಣನ ದೋಣಿಯಲ್ಲೇ ಕೂಲಿಗೆ ನಿಂತ. ಒಂದೊಂದು ಅಡ್ಡಿ ಬಂದಾಗಲೂ ಶ್ರೀಲತಾಳಿಗೆ ಒಳಗೊಳಗೇ ಹಗುರ. ಏಜೆಂಟನ ಫೋನು ಸತ್ತುಹೋಗಿ ಸುಗುಣ ಅಳುತ್ತ ಮಲಗಿದ ದಿನ ಅವಳು ಬಂಗುಡೆ ಸಾರಿನಲ್ಲಿ ಎರಡೆರಡು ಸಲ ಅನ್ನ ಹಾಕಿಕೊಂಡು ಉಂಡಳು. ಕೈ ತೊಳೆಯುವಾಗ ತನ್ನ ಮೇಲೇ ಹೇಸಿಗೆಯಾಯಿತು. ಆದರೂ ಉಂಡದ್ದು ರುಚಿಯಾಗಿಯೇ ಇತ್ತು.

ಏಜೆಂಟ್ ಸಿಕ್ಕಿದ, ವೀಸಾ ಬಂತು. ಎರಡು ಸಾವಿರದ ನಾಲ್ಕರಲ್ಲಿ ಸುಗುಣ ಹೊರಟಳು. ಮಗಳು ಶರಣ್ಯಾಗೆ ಆಗ ಒಂದೂವರೆ ವರ್ಷ. ಬೈಂದೂರಿನ ತಾಯಿಮನೆಯಲ್ಲಿ ಬಿಡುವುದೆಂದು ಮಾತಾಗಿತ್ತು. ಶ್ರೀಲತಾ ಒಪ್ಪಲಿಲ್ಲ.

"ಬೈಂದೂರಿಗ್ ಎಂತಕ್ಕೆ? ನಂಗ್ ಬಿಡ್. ನಾನ್ ಕಂಡ್ಕಂತೆ."

ಕೇರಿಯೇ ಅವಳನ್ನು ಹೊಗಳಿತು. ಸುಗುಣಳದ್ದು ಅಂತ ಏನಾದರೂ ಒಂದು ತನ್ನ ಕೈಗೆ ಬರಲಿ ಎಂಬ ಆಸೆ ಅದರ ಹಿಂದೆ ಇದ್ದದ್ದು ಅವಳೊಬ್ಬಳಿಗೇ ಗೊತ್ತು.

ಮಗುವಿಗೆ ಮಾತು ಬಂತು. 'ದೊಡ್ಡಮ್ಮ' ಎನ್ನಲು ನಾಲಗೆ ಹೊರಳದೆ ಬರೀ 'ಅಮ್ಮ' ಎಂದಿತು. ಶ್ರೀಲತಾ ತಿದ್ದಲಿಲ್ಲ. ಅತ್ತೆ ತಿದ್ದಲು ಹೋದಾಗ, "ಇರ್ಲಿ ಬಿಡಿ ಅತ್ತೆ, ಸಣ್ ಮಗು" ಎಂದಳು.

ಒಂದು ಭಾನುವಾರ ಸುಗುಣ ಫೋನಿನಲ್ಲಿದ್ದಾಗ ಮಗು ಅಂಗಳದಿಂದ, "ಅಮ್ಮಾ, ಬಾ" ಎಂದು ಕೂಗಿತು.

"ಅಕ್ಕಾ, ಅದ್ ಯಾರನ್ನ್ ಕರೆದದ್ದ್?"

"ನನ್ನನ್ನೇ. ಅದಕ್ಕೆಂತ ಗೊತ್ತಿತ್ತ್, ಪಾಪ."

ಫೋನಿಟ್ಟು ಅಂಗಳಕ್ಕೆ ಇಳಿಯುವಾಗ ಶ್ರೀಲತಾಳ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ಎರಡು ವರ್ಷ ಕಳೆದು ಗಂಡನನ್ನೂ ಮಗಳನ್ನೂ ಕರೆದೊಯ್ಯಲು ಸುಗುಣ ಬಂದಳು. ಬಿಳಿಚಿಕೊಂಡಿದ್ದಳು. ಚಳಿಗೆ ಕೈಯ ಚರ್ಮ ಬಿರಿದು ಗೀರುಗೀರಾಗಿತ್ತು. ಚಾವಡಿಯ ನೆಲದಲ್ಲಿ ಕೂತು ಗೊಂಬೆ, ಚಾಕಲೇಟು ಎಲ್ಲ ಹರವಿ ಕರೆದಳು. ಶರಣ್ಯಾ ಶ್ರೀಲತಾಳ ಸೀರೆಯ ಹಿಂದೆ ಸೇರಿಕೊಂಡು ಅಳತೊಡಗಿತು. ಎಷ್ಟು ಕರೆದರೂ ಬರಲಿಲ್ಲ.

ಶ್ರೀಲತಾ ಎರಡು ವರ್ಷದಿಂದ ಕಾದದ್ದು ಇದಕ್ಕೇ. ಈಗ ನೋಡಲಾಗಲಿಲ್ಲ.

ಸುಗುಣ ತಲೆಯೆತ್ತಿದಳು. "ಅಕ್ಕಾ, ನಿಮ್ಮನ್ ಕಂಡ್ರೆ ನಂಗ್ ಹೊಟ್ಟೆ ಉರಿತ್ತ್. ಅಲ್ಲ್ ಬೇರೆಯವ್ರ ಮುದಿ ಅಮ್ಮಂದ್ರನ್ನ್ ಸ್ನಾನ ಮಾಡ್ಸುವಾಗ್ಳೂ ಇದೇ ಯೋಚ್ನಿ."

"ನಂಗ್ ನಿನ್ ಕಂಡ್ರೆ ಯಾವತ್ತಿಂದ್ಲೋ ಉರಿತ್ತ್" ಎಂದಳು ಶ್ರೀಲತಾ. ಹೇಳಬೇಕೆಂದು ಹೇಳಿದ್ದಲ್ಲ, ಬಾಯಿಂದ ಬಿದ್ದುಹೋಯಿತು. "ನೀ ಪಾಸಾದ್ ದಿನದಿಂದ."

ಸುಗುಣ ಕಣ್ಣು ಮಿಟುಕಿಸದೆ ನೋಡಿದಳು. "ಗೊತ್ತಿತ್ತ್ ಅಕ್ಕಾ" ಎಂದಷ್ಟೇ ಅಂದಳು.

ಮರುದಿನ ಶ್ರೀಲತಾ ತಾನೇ ಮಗುವಿನ ಬಟ್ಟೆ ಕಟ್ಟಿದಳು. "ಇದನ್ ಕರ್ಕಂಡ್ ಬೈಂದೂರಿಗ್ ಹೋಗ್. ನಾನ್ ಕಣ್ಣೆದ್ರಿಗಿದ್ರೆ ನಿನ್ ಹತ್ರ ಬತ್ತಿಲ್ಲೆ."

ಬಸ್ಸಿನ ಕಿಟಕಿಯಲ್ಲಿ ಮಗು ಕೈಚಾಚಿ ಕಿರುಚುತ್ತಿತ್ತು. ಶ್ರೀಲತಾ ಬೆನ್ನು ತಿರುಗಿಸಿ ನಿಂತಳು. ಸುಗುಣಳ ರಜೆ ಮುಗಿಯುವ ತನಕ ಬೈಂದೂರಿನ ಕಡೆ ತಲೆ ಹಾಕಲಿಲ್ಲ. ಮಗುವಿಗೆ ಜ್ವರ ಬಂತೆಂದಾಗ ಮಾತ್ರ ಚಪ್ಪಲಿ ಮೆಟ್ಟಿ ಗೇಟಿನವರೆಗೆ ಹೋದವಳು ಅಲ್ಲಿಂದಲೇ ವಾಪಸು ಬಂದಳು.

ಹೊರಡುವ ದಿನ ಕುಂದಾಪುರದ ರೈಲುನಿಲ್ದಾಣದಲ್ಲಿ ಮುಂಬಯಿಯ ಗಾಡಿ ಬಂದಾಗ ಶರಣ್ಯಾ ಸುಗುಣಳ ಹೆಗಲ ಮೇಲೆ ನಿದ್ದೆಹೋಗಿತ್ತು. ಎಬ್ಬಿಸಲೇ ಎಂದು ಸುಗುಣ ಕಣ್ಣಲ್ಲೇ ಕೇಳಿದಳು. ಶ್ರೀಲತಾ ಬೇಡವೆಂದು ತಲೆಯಾಡಿಸಿದಳು.

ಮೂರು ವಾರಕ್ಕೆ ಫೋನು ಬಂತು. ಮಗಳು ಶಾಲೆಗೆ ಹೋಗುತ್ತಿದ್ದಾಳಂತೆ, ಹಿಮ ಬಿದ್ದಿದೆಯಂತೆ, ಸೋಮ ಅದರಲ್ಲಿ ಜಾರಿ ಬಿದ್ದನಂತೆ. ಕೇಳುತ್ತ ಕೇಳುತ್ತ ಶ್ರೀಲತಾಳ ಹೊಟ್ಟೆಯೊಳಗೆ ಮತ್ತೆ ಅದೇ ಉರಿ ಎದ್ದಿತು. ಈ ಸಲ ಅದು ಆ ಹಿಮಕ್ಕೋ ಆ ಮಗುವಿಗೋ ಅವಳಿಗೇ ತಿಳಿಯಲಿಲ್ಲ.

"ನೀವೂ ಇನ್ನೊಂದ್ ಸಲ ಪರೀಕ್ಷೆ ಬರೀನಿ ಅಕ್ಕಾ" ಎಂದಳು ಸುಗುಣ.

"ನೋಡ್ವ, ಕಾಂಬ" ಎಂದು ಶ್ರೀಲತಾ ಫೋನನ್ನು ರಾಜೀವನ ಕೈಗೆ ಕೊಟ್ಟು ಡ್ಯೂಟಿಗೆ ಹೊರಟಳು.