ಗಡಿಯಾರದ ಹಿಂದೆ ನೋಡು

ಹಂಸಳ ಮೂಗುಬೊಟ್ಟಿನ ಮೇಲೆ ನೀಲಿ ಬೆಳಕು, ಕಂಪ್ಯೂಟರಿನದು, ಈಗ ಕೆಂಪಾಯಿತು, ಅಂದರೆ ಪರದೆಯ ಕೆಳಗೆ ಕೆಂಪು ಗೆರೆ ಸವೆಯತೊಡಗಿದೆ, ಅದು ಮುಗಿಯುವುದರೊಳಗೆ ಎರಡು ಮಾತುಗಳಲ್ಲಿ ಒಂದನ್ನು ಒತ್ತಬೇಕು, ಒತ್ತಿದ ಹಾಗೆ ಸಿನಿಮಾ ಮುಂದಕ್ಕೆ ಹೋಗುತ್ತದೆ, ಇನ್ನೊಂದನ್ನು ಒತ್ತಿದ್ದರೆ ಬೇರೆಯದೇ ಕಥೆ, ಬೇರೆಯದೇ ಕೊಲೆಗಾರ — ಆಟವಂತೆ ಇದು, ಸಿನಿಮಾವೂ ಹೌದಂತೆ, ಮೇಲಿನ ಮನೆಗೆ ಬಾಡಿಗೆಗೆ ಬಂದ ಮೋಹನ್‌ಕುಮಾರ್ ತಂದ ಸಿಡಿ, ಅದರೊಳಗೆ ನನ್ನ ಸಂಸಾರವೇ ಹೋಗಿ ಕೂತಿದೆ. ಏನ್ ಒತ್ಲಿ ಅಕ್ಕ, ಅನ್ನುತ್ತಾನೆ ಅವನು, ಹಳ್ಳಿಮೈಸೂರಿನ ಗೌಡರ ಹುಡುಗ, ಗೊರೂರು ಡ್ಯಾಮಿನಲ್ಲಿ ಗೇಟ್ ಆಪರೇಟರು, ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನಕ್ಕೇ ಹಾಸನಕ್ಕೆ ವಾಪಸ್ಸು, ನನ್ನ ಬಸ್ಸು ಹೊಳೆನರಸೀಪುರದಿಂದ ಬರುವುದು ಸಂಜೆಗೆ, ನಡುವಿನ ಹೊತ್ತೆಲ್ಲ ಯಾರದು — ಅಕ್ಕ ಅನ್ನುತ್ತಾನೆ ನಿಜ, ಬಾಯ್ತುಂಬ ಅನ್ನುತ್ತಾನೆ, ಆದರೂ ನನಗೆ ಹೊಟ್ಟೆ ಉರಿಯುತ್ತದೆ, ಅಕ್ಕ ಅಂದವನ ಮೇಲೆ ಹೊಟ್ಟೆ ಉರಿಸಿಕೊಳ್ಳುವ ಗಂಡಸು ಇಡೀ ಜಿಲ್ಲೆಗೆ ನಾನೊಬ್ಬನೇ ಇರಬೇಕು.

ಅವರಿಬ್ಬರ ಕುರ್ಚಿ ಮುಂದೆ, ನನ್ನದು ಹಿಂದೆ. ಅವನದು ಒತ್ತುವ ಕೆಲಸ, ಅವಳದು ಯಾರನ್ನು ನಂಬಬೇಕು ಅನ್ನುವ ಕೆಲಸ, ನನ್ನದು ಅರ್ಥ ಹೇಳುವುದು, ಕಾಲೇಜಿನಲ್ಲಿ ದಿನವಿಡೀ ಇಂಗ್ಲಿಷ್ ಒದರಿ ಬಂದವನು ಇಲ್ಲೂ ಒದರುತ್ತೇನೆ, ಅದರಲ್ಲಿ ಸುಖವಿದೆ, ಸುಳ್ಳೇಕೆ ಹೇಳಲಿ. ರೀ, ಸಸ್ಪೆಕ್ಟ್ ಅಂದ್ರೇನ್ರೀ, ಅಂತ ಕತ್ತು ಹೊರಳಿಸುತ್ತಾಳೆ, ಹುಬ್ಬು ಸ್ವಲ್ಪ ಮೇಲೆ, ಬಾಯಿ ಸ್ವಲ್ಪ ತೆರೆದು, ಏನೂ ಗೊತ್ತಿಲ್ಲದ ಮುಖ, ಆ ಮುಖವನ್ನು ಮೊದಲು ಕಂಡದ್ದು ಚನ್ನರಾಯಪಟ್ಟಣದಲ್ಲಿ, ಅವರ ಮನೆ ಜಗುಲಿಯ ಮೇಲೆ, ಮದುವೆಯಾದ ಹೊಸದು, ಇಂಗ್ಲಿಷ್ ಪೇಪರು ಹಿಡಿದು ಇದೇನು ಅದೇನು ಅಂತ ಕೇಳುತ್ತಿದ್ದಳು, ಜಯಂತ್ ಮೇಷ್ಟ್ರಿಗೆ ಫೀಸು ಕೊಡಬೇಕಾಗುತ್ತೆ ಕಣೇ ಅಂತ ಮಾವನವರು ಒಳಗಿನಿಂದ ನಗುತ್ತಿದ್ದರು, ನಾನು ಆ ಮುಖಕ್ಕೇ ಬಿದ್ದುಹೋದೆ, ಇವತ್ತಿಗೂ ಎದ್ದಿಲ್ಲ. ಈಗ ಪರದೆಯಲ್ಲಿ ಸತ್ತವನ ಕೋಣೆ, ಕೆರೆಯ ಪಕ್ಕದ ಹೋಟೆಲಿನ ಯಜಮಾನ, ಮಂಚ, ಬೀರು, ಗೋಡೆ ಗಡಿಯಾರ, ಎಲ್ಲಿ ಹುಡುಕೋಣ ಅನ್ನುತ್ತದೆ ಆಟ, ಗಡಿಯಾರದ ಹಿಂದೆ ನೋಡು ಅಂದುಬಿಟ್ಟಳು ಹಂಸ, ತಕ್ಷಣ, ಅಲ್ಲೇ ಇತ್ತು ಬೀಗದ ಕೈ. ಹೇಗೆ ಗೊತ್ತಾಯ್ತೇ ನಿನಗೆ. ಊಹೆ ಕಣ್ರೀ, ನಿಮ್ಮಮ್ಮ ಬೀಗದ ಕೈ ಇಡ್ತಿದ್ದಿದ್ದೂ ಗಡಿಯಾರದ ಹಿಂದೇನೇ ಅಲ್ವಾ. ಹೌದು, ಅಮ್ಮ ಅಲ್ಲೇ ಇಡುತ್ತಿದ್ದಳು, ಒಪ್ಪಿದೆ, ಆದರೆ ಮೋಹನ ಯಾಕೆ ಕೆಮ್ಮಿದ — ಆ ಬೀಗದ ಕೈಯಿಂದ ಪರದೆಯಲ್ಲಿ ಬೀರು ತೆಗೆಯುತ್ತಾರೆ, ಎಲ್ಲ ನಿಶ್ಶಬ್ದ, ಹಂಸ ಎರಡೂ ಕಿವಿ ಮುಚ್ಚಿಕೊಂಡಳು, ಆಮೇಲೆ ಗುಂಡು ಹಾರಿತು. ಆಮೇಲೆ. ಮೊದಲು ಕಿವಿ, ಆಮೇಲೆ ಗುಂಡು.

ಕೆಳಗೆ ನಮ್ಮ ಮನೆಯಲ್ಲಿ ಕುಕ್ಕರ್ ಕೂಗಿತು, ಬಂದೆ ಇರಿ, ನಿಲ್ಸಿರೋ ಮೋಹನ ಅಂತ ಇಳಿದುಹೋದಳು, ಅವಳ ಕುರ್ಚಿ ಖಾಲಿ, ನಾನು ಅದರಲ್ಲಿ ಹೋಗಿ ಕೂತೆ, ಇನ್ನೂ ಬೆಚ್ಚಗಿದೆ, ಕೇಳಬಾರದು ಅಂದುಕೊಂಡೇ ಕೇಳಿದೆ, ಇದನ್ನು ಮೊದಲೇ ನೋಡಿದ್ದಾಳಾ. ಬೇಜಾರ್ ಮಾಡ್ಕಬ್ಯಾಡಿ ಸಾ, ಅಕ್ಕ ಓದ್ ವಾರನೇ ಮುಗ್ಸ್ಬುಟ್ರು, ನಮ್ ತಂಗಿ ಸ್ನೇಹಲತಾ ಬಂದಿದ್ಲಲ್ಲ ಊರಿಂದ, ಮೂರ್ ಜನಾನೂ ಕುಂತು ಆಡುದ್ವಿ. ತಂಗಿಯೂ ಇದ್ದಳು, ಸರಿ, ಅಷ್ಟೇ ತಾನೆ, ಎದೆ ಹಗುರವಾಗಬೇಕಿತ್ತು, ಆಗುತ್ತಲೂ ಇತ್ತು, ಅಷ್ಟರಲ್ಲಿ ಬಾಯಿಗೆ ಬಂತು ಇನ್ನೊಂದು, ಅರ್ಥ ಯಾರು ಹೇಳಿದರು ನಿಮಗೆಲ್ಲ. ಅರ್ಥನಾ, ಅಕ್ಕನೇ ಕಣ್ಸಾ, ನಮ್ಗೆ ಆ ಇಂಗ್ಲಿಷು ಎಲ್ಲಿ ತಿಳೀತದೆ, ಅಕ್ಕ ಪಟಪಟ ಅಂತ ಏಳ್ತಾ ಓದ್ರು, ನಮ್ಮನೆಯವ್ರಿಗೆ ಗೊತ್ತಾಗೋದ್ ಬ್ಯಾಡ ಕಣೋ, ಅರ್ಥ ಹೇಳೋದಂದ್ರೆ ಅವ್ರಿಗೆ ಪ್ರಾಣ ಅಂದ್ರು.

ಪ್ರಾಣ ಅಂದಳಂತೆ, ಇವನ ಹತ್ತಿರ ಅಂದಳಂತೆ. ಇವನು ಅವಳನ್ನು ಮುಟ್ಟಿದ್ದರೆ ಜಗಳವಾಡಬಹುದಿತ್ತು, ಮನೆ ಖಾಲಿ ಮಾಡಿಸಬಹುದಿತ್ತು, ಇದಕ್ಕೆ ಏನು ಮಾಡಲಿ, ನಾನು ಕಾಣದ ಹಂಸಳನ್ನು ಇವರು ಕಂಡಿದ್ದಾರೆ, ಪಟಪಟ ಅಂತ ಅರ್ಥ ಹೇಳುವವಳನ್ನು, ಅವಳು ಹೇಗಿರುತ್ತಾಳೆ ಆಗ, ಕೈ ಆಡಿಸುತ್ತಾಳಾ, ನನ್ನ ಹಾಗೆ ಕನ್ನಡಕ ಸರಿಮಾಡಿಕೊಂಡು ನಟಿಸಿ ನಗಿಸುತ್ತಾಳಾ, ಈ ಹುಡುಗನ ಮೇಲೂ ಕಾಣದ ಆ ತಂಗಿಯ ಮೇಲೂ ಮೈಯೆಲ್ಲ ಉರಿ ನನಗೆ, ಮತ್ತೆ ಜಗುಲಿ, ಪೇಪರು, ಆವತ್ತೂ ಗೊತ್ತಿತ್ತೇ ಅವಳಿಗೆ, ಆವತ್ತಿನಿಂದಲೂ — ಮೆಟ್ಟಿಲ ಮೇಲೆ ಕಾಲ್ಬಳೆ ಸದ್ದು, ನಾನು ಎದ್ದು ನನ್ನ ಹಿಂದಿನ ಕುರ್ಚಿಗೇ ಹೋಗಿ ಕೂತೆ, ಸೆರಗಿಗೆ ಕೈ ಒರೆಸಿಕೊಂಡು ಬಂದಳು, ಕೂತಳು, ಮೋಹನ ಒತ್ತಿದ, ಕೊಲೆಯ ಹೊತ್ತಿಗೆ ಎಲ್ಲಿದ್ದೆ, ಸಾಕ್ಷಿ ಯಾರು ಅಂತ ಪರದೆಯಲ್ಲಿ ಪೊಲೀಸಿನವಳು ಕೇಳಿದಳು, ಕೆಂಪು ಗೆರೆ ಸವೆಯತೊಡಗಿತು, ಹಂಸ ಕತ್ತು ಹೊರಳಿಸಿದಳು, ರೀ, ಅಲಿಬೈ ಅಂದ್ರೇನ್ರೀ, ನನ್ನ ಗಂಟಲಲ್ಲಿ ಉತ್ತರ ಆಗಲೇ ಎದ್ದು ನಿಂತಿದೆ, ಹೇಳಿದರೆ ನಾನು ಕೋಡಂಗಿ, ಹೇಳದಿದ್ದರೆ ಈ ಮುಖ ಇನ್ನು ನನ್ನ ಕಡೆ ತಿರುಗುವುದಿಲ್ಲ, ಅವಳು ಕಾಯುತ್ತಿದ್ದಾಳೆ, ಹುಬ್ಬು ಸ್ವಲ್ಪ ಮೇಲೆ, ಬಾಯಿ ಸ್ವಲ್ಪ ತೆರೆದು, ಹುಬ್ಬು ಸ್ವಲ್ಪ ಮೇಲೆ