ಬುಧವಾರ ಲಾರಿ ಬಾರದ ಹೊತ್ತು

ಬಿಲ್ಲಕ್ಕನ ಬಲಗಿವಿ ಚಿಕ್ಕಂದಿನಲ್ಲೇ ಕೈಕೊಟ್ಟಿತ್ತು. ಎಡಗಿವಿ ಪರವಾಗಿಲ್ಲ, ಆದರೆ ಸುತ್ತ ಗದ್ದಲವಿದ್ದರೆ ಅದೂ ಕೆಲಸಕ್ಕೆ ಬಾರದು. ಎದುರಿನವರ ತುಟಿ ನೋಡಿಕೊಂಡು ಹೂಂಗುಟ್ಟುವುದರಲ್ಲಿ ಅವಳು ಎಷ್ಟು ಪಳಗಿದ್ದಳೆಂದರೆ, ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ವರ್ಷಾನುಗಟ್ಟಲೆ ಬಿಲ್ಲು ಪಾಸು ಮಾಡಿ 'ಬಿಲ್ಲಕ್ಕ' ಎಂಬ ಅಡ್ಡಹೆಸರು ಗಿಟ್ಟಿಸಿಕೊಂಡರೂ ಪಕ್ಕದ ಮೇಜಿನವರಿಗೆ ಇದರ ಸುಳಿವಿರಲಿಲ್ಲ. ಆಫೀಸಿನಲ್ಲಿ ಗೊತ್ತಿದ್ದವನು ಗಂಡ ಒಬ್ಬನೇ.

ಅವನಿಗೂ ಅಲ್ಲೇ ಕೆಲಸ. ಯಾವ ಲಾರಿ ಎಷ್ಟು ಹೊತ್ತಿಗೆ ಗೇಟಿನೊಳಗೆ ಬರಬೇಕೆಂದು ಗೊತ್ತುಮಾಡುತ್ತಿದ್ದ. ವಾರವೆಲ್ಲ ಅಂಗಳದಲ್ಲಿ ನಿಂತೇ ಎರಡು ತುತ್ತು ತಿನ್ನುವವನು ಬುಧವಾರ ಮಾತ್ರ ಒಂದು ಗಂಟೆಗೆ ಹೆಂಡತಿಗಾಗಿ ಕಾಯುತ್ತಿದ್ದ. ಅವಳು ಮೂರನೇ ಮಹಡಿಯಿಂದ ಡಬ್ಬಿ ಹಿಡಿದು ಇಳಿದು ಬರುವಳು. ಲಾರಿ ತೂಗುವ ಜಾಗದ ಪಕ್ಕದ ಕಬ್ಬಿಣದ ಬೆಂಚಿನ ಮೇಲೆ ಅವನು ತಪ್ಪದೆ ಅವಳ ಎಡಕ್ಕೇ ಕೂರುವನು. ಆ ಹೊತ್ತಿನಲ್ಲಿ ಅಂಗಳದಲ್ಲಿ ಒಂದೇ ಒಂದು ಲಾರಿಯೂ ಇರುತ್ತಿರಲಿಲ್ಲ.

"ಬುಧವಾರ ಲಾರಿಗಳೆಲ್ಲ ಎಲ್ಲಿಗೆ ಹೋಗ್ತವೆ ರೀ?" ಎಂದು ಒಮ್ಮೆ ಕೇಳಿದ್ದಳು.

"ಅವಕ್ಕೂ ಹೊಟ್ಟೆ ಇಲ್ವಾ? ಊಟಕ್ಕೆ ಹೋಗಿರ್ತವೆ," ಎಂದಿದ್ದ.

ಮನೆಯಲ್ಲಿ ಅತ್ತೆಯ ಟಿ.ವಿ.ಗೆ ಬಾಯಿ ಮುಚ್ಚಿ ಅಭ್ಯಾಸವೇ ಇರಲಿಲ್ಲ. ಅಲ್ಲಿ ಗಂಡ ಹೆಂಡತಿ ಮಾತಾಡಿದರೆ ಜಗಳವಾಡಿದಂತೆ ಕೇಳುತ್ತಿತ್ತು. ಆದ್ದರಿಂದ ಅವರಿಬ್ಬರ ಸಂಸಾರದ ಮಾತೆಲ್ಲ ಆ ಬೆಂಚಿನ ಮೇಲೇ. ಹೊಸ ಪರದೆಗೆ ಯಾವ ಬಣ್ಣ, ನಾದಿನಿ ಮುನಿಸಿಕೊಂಡದ್ದು ಯಾಕೆ ಎಂಬಂಥ ಕೆಲಸಕ್ಕೆ ಬಾರದ ಮಾತುಗಳು. ಮೆಲ್ಲಗೆ ಆಡಿದರೂ ಪೂರ್ತಿ ಕೇಳಿಸುತ್ತಿದ್ದ ಮಾತುಗಳು.

ಎರಡು ವರ್ಷದ ಹಿಂದೆ ಅವನು ಎದೆನೋವೆಂದು ಆಸ್ಪತ್ರೆಗೆ ಹೋದವನು ಮನೆಗೆ ಬರಲಿಲ್ಲ. ಅವನ ಕುರ್ಚಿಗೆ ಕಂಪನಿ ಮನುಷ್ಯರನ್ನು ತರಲಿಲ್ಲ. ಮಾಲು ತರಿಸುವುದರಿಂದ ಹಿಡಿದು ಸಂಬಳ ಬಟವಾಡೆಯವರೆಗೆ ಇಡೀ ವ್ಯವಹಾರ ನಡೆಸುವ ಇ.ಆರ್.ಪಿ. ಎಂಬ ಕಂಪ್ಯೂಟರ್ ವ್ಯವಸ್ಥೆ ಇತ್ತಲ್ಲ, ಅದಕ್ಕೆ ಕೃತಕ ಬುದ್ಧಿಮತ್ತೆ ಕೂಡಿಸಿದರು. ಅದು ಹಳೆಯ ದಾಖಲೆಗಳನ್ನೆಲ್ಲ ಓದಿ ಅರಗಿಸಿಕೊಂಡು ತಾನೇ ಯೋಜನೆ ಹಾಕತೊಡಗಿತು. ಸಿಬ್ಬಂದಿ ಅದಕ್ಕೆ 'ಹೊಸ ಸಾಹೇಬ್ರು' ಎಂದು ಹೆಸರಿಟ್ಟರು. ರಜೆ ಕೇಳದ, ತಲೆ ತಿನ್ನದ ಸಾಹೇಬರು ಬೇರೆಲ್ಲಿ ಸಿಗಬೇಕು!

ಬಿಲ್ಲಕ್ಕ ಬುಧವಾರ ಇಳಿದು ಬರುವುದನ್ನು ಬಿಡಲಿಲ್ಲ. ಅಂಗಳ ಆಗಲೂ ಖಾಲಿಯೇ ಇರುತ್ತಿತ್ತು. ಆ ನಿಶ್ಶಬ್ದದಲ್ಲಿ ಕೂತರೆ ಅವನು ಈಗಷ್ಟೇ ಕೈತೊಳೆಯಲು ಎದ್ದು ಹೋದಂತೆ ಅನ್ನಿಸುತ್ತಿತ್ತು. ವಾರವೆಲ್ಲ ಅವಳು ಆ ಒಂದು ಗಂಟೆಗೆ ಹಾತೊರೆಯುತ್ತಿದ್ದಳು.

ಮೊನ್ನೆ ಸೋಮವಾರ ಮೀಟಿಂಗ್ ಇತ್ತು. ಲಾರಿಗಳನ್ನು ಕಾಯಿಸಿದ್ದಕ್ಕೆ ಅವುಗಳ ಮಾಲೀಕರಿಂದ ತಿಂಗಳಿಗೊಮ್ಮೆ ಬರುವ ಬಿಲ್ಲು ಅವಳ ಕೈಯಿಂದಲೇ ಹಾದುಹೋಗುವುದರಿಂದ ಅವಳನ್ನೂ ಕರೆದಿದ್ದರು. ಹೊಸ ಸಾಹೇಬ್ರನ್ನು ನೋಡಿಕೊಳ್ಳುವ ಗಡ್ಡದ ಎಂಜಿನಿಯರ್ ಗೋಡೆಯ ಪರದೆ ತೋರಿಸಿದ.

"ಬೇರೆ ದಿನ ನೋಡಿ, ಒಂದು ಗಂಟೆಗೆ ಲಾರಿ ಮೇಲೆ ಲಾರಿ. ಬುಧವಾರ ಮಾತ್ರ ಪೂರ್ತಿ ಖಾಲಿ. ಎಲ್ಲಾ ಗೇಟಿನ ಹೊರಗೆ ಬಿಸಿಲಲ್ಲಿ ಸಾಲುಗಟ್ಟಿ ನಿಂತಿರ್ತವೆ. ನಮ್ ಸಾಹೇಬ್ರು ಇದನ್ನ ಸ್ವಂತ ತಲೆಯಿಂದ ಮಾಡಿದ್ದಲ್ಲ, ಹಳೇದನ್ನ ನೋಡಿ ಕಲ್ತಿದ್ದು. ಮೊದ್ಲು ಇದ್ದೋರು ವಾರವಾರವೂ ಒಂದೊಂದೇ ಲಾರೀನ ಕೈಯಾರೆ ಮಧ್ಯಾಹ್ನ ಎರಡರ ಆಚೆಗೆ ತಳ್ಳಿದ್ದಾರೆ. ಯಾಕೆ ಅಂತ ಎಲ್ಲೂ ಬರ್ದಿಲ್ಲ. ಕಾರಣ ಇಲ್ದಿದ್ರೆ ಈ ಬಿಡುವನ್ನ ತೆಗೆದುಬಿಡೋಣ ಅಂತ."

ಮೊದಲು ಇದ್ದವರು ಯಾರೆಂದು ನೆನಪಾಗಿ ಎಲ್ಲರೂ ಅವಳತ್ತ ತಿರುಗಿದರು. "ನಿಮಗೇನಾದ್ರೂ ಹೇಳಿದ್ರಾ ಮೇಡಂ?"

ಬಿಲ್ಲಕ್ಕ ಪರದೆಯ ಮೇಲಿನ ಆ ಖಾಲಿ ಜಾಗವನ್ನೇ ನೋಡಿದಳು. ಲಾರಿಗಳು ಊಟಕ್ಕೆ ಹೋಗಿರಲಿಲ್ಲ. ಅವಳ ಒಂದು ಕಿವಿಗಾಗಿ ಅವನು ಅಷ್ಟು ದೊಡ್ಡ ಅಂಗಳದ ಬಾಯಿ ಮುಚ್ಚಿಸಿ ಕೂರುತ್ತಿದ್ದ. ಮೇಲಿನವರಿಂದ ಎಷ್ಟು ಬೈಸಿಕೊಂಡಿದ್ದನೋ! ಅವಳೂ ಬಿಟ್ಟಿರಲಿಲ್ಲ, ಆ ಬಿಲ್ಲು ಬಂದಾಗಲೆಲ್ಲ "ನಿಮ್ಮ ಯೋಜನೆಗಿಷ್ಟು ಬೆಂಕಿ ಹಾಕ" ಎಂದು ರೇಗುತ್ತಿದ್ದಳು. ಅವನು ನಗುತ್ತಿದ್ದ, ಅಷ್ಟೇ.

"ಇಲ್ಲ," ಎಂದಳು. "ನಂಗೇನೂ ಹೇಳಿರ್ಲಿಲ್ಲ."

ಅದು ಸುಳ್ಳೇನಲ್ಲ. ನಿಜ ಹೇಳಿದರೆ ಅಯ್ಯೋ ಪಾಪ ಎಂದು ಇನ್ನಷ್ಟು ದಿನ ಬಿಟ್ಟಾರು. ಬಿಡಲಿ ಎಂದು ಜೀವ ಹಂಬಲಿಸಿತು. ಆದರೆ ಗೇಟಿನಾಚೆ ಹಸಿದು ಕೂತ ಡ್ರೈವರುಗಳು ಕಣ್ಣೆದುರು ಬಂದರು. ಅವರಿಗೂ ಮನೆಯಲ್ಲಿ ದಾರಿ ಕಾಯುವವರು ಇದ್ದಾರಲ್ಲ.

"ತೆಗೆದುಬಿಡಿ," ಎಂದಳು. "ಆದ್ರೆ ಈ ಬುಧವಾರ ಒಂದು ಬಿಟ್ಟು."

"ಬಿಡ್ಬಹುದು. ಆದ್ರೆ ಕಾರಣ ಬರೀದಿದ್ರೆ ಸಾಹೇಬ್ರು ಒಪ್ಪಲ್ಲ ಮೇಡಂ."

"ಊಟ ಅಂತ ಬರೀರಿ."

ಎಂಜಿನಿಯರ್ ಅವಳ ಮುಖ ನೋಡಿದ. ಹಾಗೇ ಬರೆದ.

ಬುಧವಾರ ಅವಳು ಡಬ್ಬಿ ತಂದಳು, ಬಿಚ್ಚಲಿಲ್ಲ. ಎಡಗಡೆ ಜಾಗ ಬಿಟ್ಟು ಬೆಂಚಿನ ತುದಿಗೆ ಕೂತಳು. ಅಂಗಳ ಎಷ್ಟು ತೆಪ್ಪಗಿತ್ತೆಂದರೆ ಗೇಟಿನಾಚೆ ಯಾರೋ ಕೆಮ್ಮಿದ್ದೂ ಕೇಳಿಸಿತು.

"ಒಂದು ಮಾತು ಹೇಳಬಾರ್ದಿತ್ತೇನ್ರೀ?" ಎಂದು ಎಡಕ್ಕೆ ತಿರುಗಿ ಮೆಲ್ಲಗೆ ಕೇಳಿದಳು.

ಎರಡು ಗಂಟೆಗೆ ಗೇಟು ತೆರೆದು ಮೊದಲ ಲಾರಿ ಒಳಗೆ ಬರುವವರೆಗೂ ಕಿವಿಗೊಟ್ಟು ಕೂತೇ ಇದ್ದಳು.