ಗುರುತು ಹೇಳುವವರು

ಚಾಮರಾಜಪೇಟೆಯ ಆ ಸಣ್ಣ ಸಹಕಾರಿ ಬ್ಯಾಂಕಿಗೆ ವಿಶಾಖಾ ಮ್ಯಾನೇಜರಾಗಿ ಬಂದ ಮೇಲೆ ಮೊದಲು ಬದಲಾದದ್ದು ಅಲ್ಲಿನವರ ಬಾಯಿ. ಅಲ್ಲಿಯತನಕ ಕೌಂಟರಿನ ಆಚೆ ಯಾರೇ ನಿಂತರೂ ತಲೆ ಎತ್ತದೆ "ಏನು?" ಅನ್ನುವುದೇ ಅಲ್ಲಿನ ಸ್ವಾಗತ. ಬಟ್ಟೆ ಸ್ವಲ್ಪ ಮಾಸಿದ್ದರಂತೂ ಅದೂ ಇಲ್ಲ, ಆ ಕಡೆ ನಿಂತ್ಕೋ ಎಂದು ಬರೀ ಕೈಸನ್ನೆ. ವಿಶಾಖಾ ಬಂದ ವಾರದಲ್ಲೇ ಎಲ್ಲರನ್ನೂ ಕೂರಿಸಿಕೊಂಡು ಹೇಳಿಬಿಟ್ಟಳು: ಯಾರೇ ಬರಲಿ, ಕುರ್ಚಿಯಿಂದ ಅರ್ಧ ಎದ್ದು ಕೈ ಮುಗಿಯಬೇಕು. "ನಮಸ್ಕಾರ, ಬನ್ನಿ, ನಮ್ಮಿಂದ ಏನಾಗ್ಬೇಕು?" ಅನ್ನಬೇಕು. ಗುಮಾಸ್ತ ಆತ್ರೇಯ ಇದೇನು ನಾಟಕದ ಕಂಪನಿಯೇ ಎಂದು ಒಳಗೊಳಗೇ ಗೊಣಗಿದ. ಮೂರು ತಿಂಗಳಲ್ಲಿ ಅವನಿಗೂ ರೂಢಿಯಾಯಿತು.

ಅವಳು ಹೀಗೆ ಹಟ ಹಿಡಿದದ್ದಕ್ಕೆ ಕಾರಣವಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಅವಳ ತಾಯಿ ಇದೇ ಪೇಟೆಯ ಬೀದಿಗಳನ್ನು ಇಪ್ಪತ್ತೆಂಟು ವರ್ಷ ಗುಡಿಸಿದವಳು. ಅಮ್ಮನ ಜೊತೆ ಯಾವ ಕಚೇರಿಗೆ ಹೋದರೂ ಗೋಡೆಗೆ ಒತ್ತಿಕೊಂಡು ಕಾದದ್ದನ್ನು ವಿಶಾಖಾ ಮರೆತಿಲ್ಲ. ಮರೆತಿಲ್ಲ, ಆದರೆ ಹೇಳಿಕೊಳ್ಳುವುದೂ ಇಲ್ಲ. "ನೀವು ಯಾವ ಕಡೆಯವ್ರು?" ಎಂದು ಹಳೆಯ ಗಿರಾಕಿಗಳು ನಯವಾಗಿ ವಿಚಾರಿಸಿದರೆ, "ಇಲ್ಲೇ, ಬೆಂಗಳೂರೇ" ಎಂದು ನಕ್ಕು ಮಾತು ತೇಲಿಸುತ್ತಿದ್ದಳು. ಅವರು ಕೇಳುತ್ತಿರುವುದು ಊರನ್ನಲ್ಲ ಎಂದು ಅವಳಿಗೂ ಗೊತ್ತು, ಅವರಿಗೂ ಗೊತ್ತು.

ಆ ಮಂಗಳವಾರ ಅವಳ ಮೇಜಿನ ಮುಂದೆ ಕೂತಿದ್ದವರು ಭಾಗೀರಥಮ್ಮ. ನಿವೃತ್ತ ಮುಖ್ಯೋಪಾಧ್ಯಾಯಿನಿ, ಬ್ಯಾಂಕಿನ ಹಳೆಯ ಸದಸ್ಯೆ. ಬಂದ ಕೆಲಸ ಮುಗಿದು ಅರ್ಧ ಗಂಟೆಯಾಗಿದ್ದರೂ ಏಳುವ ಲಕ್ಷಣ ಕಾಣುತ್ತಿರಲಿಲ್ಲ.

"ನೋಡಮ್ಮಾ, ಈಗ ಹಾಲಿನ ಅಂಗಡಿಯವನೂ ನನ್ನನ್ನ ಆಂಟಿ ಅಂತಾನೆ. ನಿನ್ನ ಬ್ಯಾಂಕಲ್ಲಿ ಮಾತ್ರ ಮರ್ಯಾದೆ ಅನ್ನೋದು ಉಳ್ಕೊಂಡಿದೆ. ಒಳ್ಳೇ ಮನೆತನದ ಹುಡುಗಿ ಅಂತ ನೋಡಿದ್ರೇ ಗೊತ್ತಾಗತ್ತೆ."

ವಿಶಾಖಾ ಕಣ್ಣು ಕೆಳಗೆ ಮಾಡಿಕೊಂಡು ಆ ಹೊಗಳಿಕೆಯನ್ನು ನುಂಗಿದಳು. ಸುಳ್ಳೇಕೆ, ಹಿತವಾಗಿಯೇ ಇತ್ತು.

ಆಗ ಬಾಗಿಲಿನಿಂದ ಒಂದು ಕೂಗು ಬಂತು.

"ಲೇ ವಿಶೂ! ನೀನೇನೇ ಇಲ್ಲಿ ದೊಡ್ಡ ಸಾಯ್ಬ್ರು? ನಿಮ್ಮವ್ವ ಹೇಳುದ್ರೆ ನಾನು ನಂಬ್ಲೇ ಇಲ್ಲ ಕಣೇ!"

ಮಾರಕ್ಕ. ಅಮ್ಮನ ಜೊತೆ ಒಂದೇ ಬೀದಿಯಲ್ಲಿ ಪೊರಕೆ ಹಿಡಿದವಳು. ಅಮ್ಮ ಟೈಫಾಯ್ಡ್ ಬಂದು ಮಲಗಿದಾಗ ಎರಡು ತಿಂಗಳು ವಿಶಾಖಾಳಿಗೆ ಜಡೆ ಹಾಕಿ, ಅನ್ನ ಕಲಸಿ ಬಾಯಿಗಿಟ್ಟು ಶಾಲೆಗೆ ಕಳಿಸಿದವಳು. ಕೆಲಸದಿಂದ ನಿವೃತ್ತಳಾದ ಮೇಲೆ ಕನಕಪುರದ ಕಡೆ ಮಗಳ ಮನೆ ಸೇರಿದ್ದಳು. ವಿಶಾಖಾ ಅವಳನ್ನು ನೋಡಿ ಹತ್ತು ವರ್ಷವಾಗಿತ್ತು. ಈಗ ಹಲ್ಲಿಲ್ಲದ ಬಾಯಿ ತುಂಬ ನಗುತ್ತಾ, ತೋಳು ಚಾಚಿಕೊಂಡು ಬರುತ್ತಿದ್ದಾಳೆ. ಕ್ಯೂನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಭಾಗೀರಥಮ್ಮನವರ ಹುಬ್ಬು ಮೇಲೇರಿತು.

ವಿಶಾಖಾ ಕುರ್ಚಿಯಿಂದ ಅರ್ಧ ಎದ್ದಳು. ಕೈ ಮುಗಿದಳು.

"ನಮಸ್ಕಾರ. ಬನ್ನಿ. ನಮ್ಮಿಂದ ಏನಾಗ್ಬೇಕು?"

ಒಂದು ಮಾತೂ ತಪ್ಪಿರಲಿಲ್ಲ, ದನಿಯೂ ಮೆತ್ತಗಿತ್ತು. ಮನೆಯವರನ್ನು ಇಷ್ಟು ಮರ್ಯಾದೆಯಿಂದ ಆಚೆ ನಿಲ್ಲಿಸಬಹುದೆಂದು ಅವಳಿಗೇ ಆವತ್ತಿನವರೆಗೆ ಗೊತ್ತಿರಲಿಲ್ಲ.

ಮಾರಕ್ಕನ ತೋಳು ಕೆಳಗಿಳಿಯಿತು. ವಿಶಾಖಾಳನ್ನು ನೋಡಿದಳು, ಎದುರು ಕೂತ ಭಾಗೀರಥಮ್ಮನವರನ್ನು ನೋಡಿದಳು. ಓದು ಬರದಿದ್ದರೇನು, ದೊಡ್ಡವರ ಮನೆ ಬಾಗಿಲ ಮುಂದೆ ಆಯುಷ್ಯ ಕಳೆದ ಹೆಂಗಸು. ಅವಳಿಗೆ ಅರ್ಥವಾಗಲು ತಡವಾಗಲಿಲ್ಲ.

"ನಿನಗೆ ಪರಿಚಯವೇನಮ್ಮಾ ಈಕೆ?" ಎಂದು ಭಾಗೀರಥಮ್ಮ ಕೇಳಿದರು.

ವಿಶಾಖಾ ಬಾಯಿ ತೆರೆಯುವ ಮೊದಲೇ ಮಾರಕ್ಕ ಉತ್ತರ ಕೊಟ್ಟಳು. "ಇಲ್ಲ ಕಣ್ರವ್ವಾ. ನಮ್ಮುಡುಗಿ ಒಬ್ಳಿದ್ಲು, ಇವರಂಗೇ. ನನ್ ಕಣ್ಣಿಗೆ ಪೊರೆ ಬಂದೈತೆ, ಗೊತ್ತಾಗ್ಲಿಲ್ಲ. ತಪ್ಪು ತಿಳ್ಕೋಬ್ಯಾಡಿ ಮೇಡಂ."

ಸದ್ಯ, ಬದುಕಿದೆ ಎಂದು ವಿಶಾಖಾಳಿಗೆ ಒಂದು ಕ್ಷಣ ಅನ್ನಿಸಿತು. ಹಾಗೆ ಅನ್ನಿಸಿತಲ್ಲ ಎಂಬ ನಾಚಿಕೆ ಆಮೇಲೆ ಅವಳನ್ನು ಎಷ್ಟು ದಿನ ತಿಂದಿತೋ ಲೆಕ್ಕವಿಲ್ಲ.

ಮಾರಕ್ಕ ಆತ್ರೇಯನ ಕೌಂಟರಿಗೆ ಹೋದಳು. ಅವನು ಅರ್ಧ ಎದ್ದು ನಮಸ್ಕಾರ ಹೇಳಿದ. ಅವಳ ಪಿಂಚಣಿ ಬರುತ್ತಿದ್ದದ್ದು ಇದೇ ಬ್ಯಾಂಕಿಗೆ. ತಾನಿನ್ನೂ ಬದುಕಿದ್ದೇನೆಂದು ವರ್ಷಕ್ಕೊಮ್ಮೆ ಬಂದು ಯಂತ್ರದ ಮೇಲೆ ಬೆರಳು ಒತ್ತಿ ತೋರಿಸಬೇಕು. ಹೋದ ವರ್ಷ ಹೇಗೋ ಒಪ್ಪಿದ ಯಂತ್ರ ಈ ಸಲ ಜಪ್ಪಯ್ಯ ಅನ್ನಲಿಲ್ಲ. ಬ್ಲೀಚಿಂಗ್ ಪುಡಿ ಎರಚಿ, ಪೊರಕೆ ಹಿಡಿದು, ಬೆರಳಿನ ಗೆರೆಯೆಲ್ಲ ಸವೆದುಹೋಗಿತ್ತು. ಹತ್ತು ಬೆರಳೂ ಒತ್ತಿಸಿ ನೋಡಿದ್ದಾಯಿತು.

"ಪರವಾಗಿಲ್ಲ ಅಜ್ಜೀ," ಎಂದು ಆತ್ರೇಯ ಒಂದು ಫಾರಂ ಕೊಟ್ಟ. "ನಿಮ್ಮನ್ನ ಚೆನ್ನಾಗಿ ಬಲ್ಲೋರು ಯಾರಾದ್ರೂ ಬಂದು, ಇವ್ರು ಇವ್ರೇ ಅಂತ ಸೈನ್ ಹಾಕಿದ್ರೆ ಸಾಕು. ನಮ್ಮಲ್ಲಿ ಅಕೌಂಟ್ ಇರೋರಾಗ್ಬೇಕು. ಇಲ್ಲಿ ಯಾರಾದ್ರೂ ಗೊತ್ತಾ?"

ಆ ಮಾತು ವಿಶಾಖಾಳ ಮೇಜಿನವರೆಗೂ ಕೇಳಿಸಿತು. ಮಾರಕ್ಕ ಹಿಂದಿರುಗಿ ನೋಡಲೇ ಇಲ್ಲ.

"ಇಲ್ಲ ಸ್ವಾಮಿ, ಇಲ್ಲಿ ಯಾರೂ ಗೊತ್ತಿಲ್ಲ. ಯಾರ್ನಾರ ಹುಡುಕ್ಕಂಡು ಬತ್ತೀನಿ."

ಫಾರಂ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳು ಹೊರಟಳು. ಅವಳು ಬಾಗಿಲು ದಾಟುವವರೆಗೂ ವಿಶಾಖಾ ಕೂತೇ ಇದ್ದಳು, ಇದನ್ನು ಮುಚ್ಚಿಡುವುದು ಬೇಡ. ಭಾಗೀರಥಮ್ಮ "ಪಾಪ" ಎಂದು ಹೇಳಿ ಮತ್ತೆ ಹಾಲಿನ ಅಂಗಡಿಯವನ ಕಥೆಗೆ ಬಂದಾಗ ಅವಳಿಗೆ ತಡೆಯಲಾಗಲಿಲ್ಲ, ಎದ್ದು ಓಡಿದಳು.

ಮಾರಕ್ಕ ಮೆಟ್ಟಿಲಲ್ಲೇ ಸಿಕ್ಕಳು.

"ಚಿಕ್ಕವ್ವಾ, ಬಾ ಒಳಗೆ. ಸೈನ್ ನಾನ್ ಹಾಕ್ತೀನಿ."

"ಬ್ಯಾಡಿ ಮೇಡಂ, ಜನ ಅವ್ರೆ."

"ಇರ್ಲಿ, ಬಾ ಅಂದ್ನಲ್ಲ!"

ಕೈ ಹಿಡಿದು ಕರೆತಂದು ಭಾಗೀರಥಮ್ಮನವರ ಪಕ್ಕದ ಕುರ್ಚಿಯಲ್ಲಿ ಕೂರಿಸಿದಳು. "ಇವ್ರು ನಮ್ಮಮ್ಮನ ಜೊತೆ ಇದೇ ಬೀದಿ ಗುಡಿಸ್ತಿದ್ರು. ನನ್ನ ಸಾಕಿದೋರು," ಎಂದು ಬೇಕಿದ್ದಕ್ಕಿಂತ ಜೋರಾಗಿ ಹೇಳಿದಳು. ಭಾಗೀರಥಮ್ಮ "ಓಹೋ" ಎಂದು ಕೈಚೀಲ ಎತ್ತಿಕೊಂಡು ಎದ್ದರು. ಅಷ್ಟೇ ಆದದ್ದು. ಇಷ್ಟಕ್ಕೇ ತಾನು ಹೆದರಿದ್ದೇ ಎಂದು ವಿಶಾಖಾಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಫಾರಂನಲ್ಲಿ ಹೆಸರು, ವಿಳಾಸ ತುಂಬಿದಳು. "ಸಂಬಂಧ" ಎಂದಿದ್ದಲ್ಲಿ "ಚಿಕ್ಕಮ್ಮ" ಎಂದು ಬರೆದು, ಮಾರಕ್ಕನಿಗೂ ಕೇಳಲಿ ಎಂದು ಗಟ್ಟಿಯಾಗಿ ಓದಿದಳು.

ಮಾರಕ್ಕ ಮುಂದೆ ಬಾಗಿದಳು. ಬೇರೆಯವರ ಕಿವಿಗೆ ಬೀಳದ ಹಾಗೆ ದನಿ ತಗ್ಗಿಸಿದಳು. ಅದರಲ್ಲಿ ಸಿಟ್ಟಿರಲಿಲ್ಲ, ಕುಹಕವೂ ಇರಲಿಲ್ಲ, ನಿಜವಾದ ಕಾಳಜಿಯೇ ಇತ್ತು.

"ಸುಳ್ಳು ಬರೀಬ್ಯಾಡಿ ಮೇಡಂ. ನಾಳೆ ನಿಮ್ ಕೆಲ್ಸಕ್ಕೆ ತೊಂದ್ರೆ ಆಯ್ತದೆ."

ವಿಶಾಖಾ ಅವಳ ಮುಖ ನೋಡಿದಳು. ಅದು ಸುಳ್ಳಲ್ಲ ಎನ್ನಲು ತನಗಿನ್ನು ಬಾಯಿಲ್ಲ ಎನ್ನಿಸಿತು. ಬರೆದದ್ದನ್ನು ಹೊಡೆದು ಹಾಕಿ, ಪಕ್ಕದಲ್ಲಿ "ಪರಿಚಯದವರು" ಎಂದು ಬರೆದು ಸಹಿ ಮಾಡಿದಳು.